ಮೀಟರಿನ ಸೀಸದ ಸೀಲು

2022ರ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿ ವಾರ ಆಗಿತ್ತು. ಡಾಕ್ಟರಿಗೆ ಒಂದು ಸಲ ತೋರಿಸಿಕೊಂಡು ಬರಬೇಕಿತ್ತು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಚೀಲದಲ್ಲಿ ಡ್ರಾಪ್ಸು, ಚೀಟಿ ಎಲ್ಲ ಇಟ್ಟುಕೊಂಡು ಹಾಲ್‌ನಲ್ಲಿ ತಯಾರಾಗಿ ಕೂತಿದ್ದಳು. ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಆ್ಯಪ್‌ನಲ್ಲಿ ಆಟೋ ಓಡಿಸೋದು ಕಾನೂನಿಗೆ ವಿರುದ್ಧ, ಸರ್ಕಾರ ಕೊಟ್ಟಿದ್ದ ಗಡುವು ಮುಗಿದಿದೆ, ಇನ್ನು ಓಡಿಸಿದರೆ ದಂಡ ಅಂತ ಹೇಳುತ್ತಿದ್ದರು. ಅಮ್ಮನಿಗೆ ಗಾಬರಿ. "ಹಾಗಾದ್ರೆ ಇವತ್ತು ಆಟೋ ಸಿಗಲ್ವೇನೇ?" ಅಂದಳು. ನಾನು ಫೋನ್ ತೆಗೆದು ದಿನಾ ಬಳಸುವ ಆ್ಯಪ್ ಒತ್ತಿದೆ. ನಾಲ್ಕು ನಿಮಿಷಕ್ಕೆ ಆಟೋ ಗೇಟಿನ ಮುಂದೆ ನಿಂತಿತ್ತು.

ಆ ಹೊತ್ತಿಗೆ ನನಗೆ ಆಗಿದ್ದು ನಿರಾಳ. ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿ ಮೂರು ಆಟೋದವರ ಹತ್ತಿರ ಚೌಕಾಸಿ ಮಾಡೋದು ತಪ್ಪಿತಲ್ಲ ಅನ್ನೋ ಸಮಾಧಾನ. ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಾ ಕೂತಾಗ ಮಾತ್ರ ಏನೋ ಚುಚ್ಚೋಕೆ ಶುರುವಾಯಿತು. ರಾಜ್ಯದ ಸಾರಿಗೆ ಇಲಾಖೆ ನಿಲ್ಲಿಸಿ ಅಂದಿದೆ. ಮಂತ್ರಿಗಳು ಹೇಳಿದ್ದಾರೆ, ಕಮಿಷನರ್ ಹೇಳಿದ್ದಾರೆ. ನನ್ನ ಫೋನಿನಲ್ಲಿ ಮಾತ್ರ ಆ ಆದೇಶದ ಒಂದು ಗುರುತೂ ಇಲ್ಲ. ಅದೇ ಬಣ್ಣ, ಅದೇ ನಕ್ಷೆ, ಅದೇ ಪುಟ್ಟ ಪುಟ್ಟ ಆಟೋಗಳು. ಮತ್ತೆ ನಾನು, ಕಾನೂನು ಪಾಲಿಸಬೇಕು ಅಂತ ಮಕ್ಕಳಿಗೆ ಹೇಳಿಕೊಡೋ ಹೆಂಗಸು, ಆ ಆದೇಶ ಜಾರಿಯಾಗದೇ ಇದ್ದಿದ್ದಕ್ಕೆ ಒಳಗೊಳಗೇ ಖುಷಿಪಟ್ಟಿದ್ದೆ.

ಆವತ್ತಿನಿಂದ ಈ ವಿಷಯ ಯೋಚಿಸುತ್ತಲೇ ಇದ್ದೀನಿ. ದೊಡ್ಡ ಟೆಕ್ ಕಂಪನಿಗಳು ಸರ್ಕಾರಗಳನ್ನೇ ಕುಣಿಸುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಂದಾಗ ನಮ್ಮ ಕಣ್ಮುಂದೆ ಬರೋದು ಅಮೆರಿಕದ ಯಾವುದೋ ದೊಡ್ಡ ಹಾಲು, ಅಲ್ಲಿ ಸೂಟು ಹಾಕಿಕೊಂಡ ಮಾಲೀಕರು, ಅವರ ಪಕ್ಕದಲ್ಲಿ ಅಧ್ಯಕ್ಷರು. ನಾನು ಕಂಡಿದ್ದು ಅಂಥದ್ದಲ್ಲ. ನಾನು ಕಂಡಿದ್ದು ನಮ್ಮ ಮನೆ ಗೇಟಿನ ಮುಂದೆ, ನಾಲ್ಕು ನಿಮಿಷದಲ್ಲಿ.

ಆದೇಶ ಏನಾಯಿತು

ಬೆಂಗಳೂರಿನವರಿಗೆ ಗೊತ್ತಿರೋ ಕಥೆಯೇ, ಬೇಗ ಹೇಳಿಬಿಡುತ್ತೀನಿ. ಆಗ ಸರ್ಕಾರಿ ದರ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ಆ್ಯಪ್‌ಗಳಲ್ಲಿ ಅಷ್ಟೇ ದೂರಕ್ಕೆ 100 ರೂಪಾಯಿ ಕೀಳುತ್ತಿದ್ದಾರೆ ಅಂತ ಜನ ದೂರು ಕೊಟ್ಟರು. 2022ರ ಅಕ್ಟೋಬರ್ 6ರಂದು ಸಾರಿಗೆ ಇಲಾಖೆ ಓಲಾ, ಊಬರ್, ರಾಪಿಡೋ ಮೂವರಿಗೂ ನೋಟಿಸ್ ಕೊಟ್ಟಿತು. 2016ರ ಅಗ್ರಿಗೇಟರ್ ನಿಯಮದಲ್ಲಿ, ಅಂದರೆ ಆ್ಯಪ್ ಮೂಲಕ ಗಾಡಿ ಒದಗಿಸೋ ಕಂಪನಿಗಳ ನಿಯಮದಲ್ಲಿ, ಲೈಸೆನ್ಸ್ ಇರೋದು ಕ್ಯಾಬ್‌ಗೆ, ಆಟೋಗೆ ಅಲ್ಲ, ಮೂರು ದಿನದೊಳಗೆ ನಿಲ್ಲಿಸಿ ಅಂತ. ಕಂಪನಿಗಳು ಹೈಕೋರ್ಟಿಗೆ ಹೋದವು. ಅಕ್ಟೋಬರ್ 14ಕ್ಕೆ ಮಧ್ಯಂತರ ಆದೇಶ ಬಂತು. ಸರ್ಕಾರ ದರ ಗೊತ್ತು ಮಾಡೋವರೆಗೂ ಸರ್ಕಾರಿ ದರದ ಮೇಲೆ 10% ಮತ್ತು ಜಿಎಸ್‌ಟಿ ತಗೊಂಡು ಓಡಿಸಬಹುದು ಅಂತ. ನವೆಂಬರ್ 25ಕ್ಕೆ ಸರ್ಕಾರ ಆ 10%ನ್ನು 5%ಗೆ ಇಳಿಸಿತು. ಅದನ್ನೂ ಕಂಪನಿಗಳು ಪ್ರಶ್ನೆ ಮಾಡಿದವು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಸರ್ಕಾರದ 5% ಸರಿ ಅಂತ ಎತ್ತಿ ಹಿಡಿಯಿತು.

ಕಾಗದದ ಮೇಲೆ ನೋಡಿದರೆ ಸರ್ಕಾರ ಗೆದ್ದಿದೆ. ಒಂದೂವರೆ ವರ್ಷ ಹಿಡಿದರೂ ಗೆದ್ದಿದೆ. ಅಷ್ಟರಲ್ಲಿ ವ್ಯವಹಾರದ ರೀತಿಯೇ ಬದಲಾಗತೊಡಗಿತ್ತು. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘದ ಜೊತೆ ಸೇರಿ ಬಂದ ನಮ್ಮ ಯಾತ್ರಿ ಅನ್ನೋ ಆ್ಯಪ್, ಚಾಲಕರಿಂದ ಕಮಿಷನ್ ತಗೊಳ್ಳದೆ, ಆಮೇಲೆ ದಿನಕ್ಕೆ ಇಷ್ಟು ಅಂತ ಚಂದಾ ತಗೊಳ್ಳೋ ದಾರಿ ತೋರಿಸಿತು. ಚಾಲಕರಿಗೆ ಅದು ಒಳ್ಳೆಯದೇ ಆಯಿತು, ಅದನ್ನು ನಾನು ಮನಸಾರೆ ಒಪ್ಪುತ್ತೀನಿ. ದೊಡ್ಡ ಕಂಪನಿಗಳೂ ಒಂದೊಂದಾಗಿ ಅದೇ ದಾರಿಗೆ ಬಂದವು. 2025ರ ಫೆಬ್ರವರಿಯಲ್ಲಿ ಊಬರ್ ಕೂಡ ಆಟೋದಲ್ಲಿ ಕಮಿಷನ್ ಬಿಟ್ಟಿತು. ಪರದೆ ಮೇಲೆ ಕಾಣೋ ದರ ಬರೀ ಸಲಹೆ, ಕೊನೆಗೆ ಎಷ್ಟು ಅಂತ ಪ್ರಯಾಣಿಕರೂ ಚಾಲಕರೂ ಮಾತಾಡಿಕೊಳ್ಳಲಿ ಅಂದಿತು. ಈಗ ಯೋಚನೆ ಮಾಡಿ. ಸರ್ಕಾರ ಕಷ್ಟಪಟ್ಟು ಗೆದ್ದಿದ್ದು ದರದ ಮೇಲೆ ಕಂಪನಿ 5% ಮಾತ್ರ ಹಾಕಬಹುದು ಅನ್ನೋ ನಿಯಮ. ಕಂಪನಿ ಆ ದುಡ್ಡನ್ನೇ ಮುಟ್ಟೋದಿಲ್ಲ ಅಂದಮೇಲೆ ಆ ನಿಯಮ ಯಾವುದಕ್ಕೆ ಅಂಟಿಕೊಳ್ಳಬೇಕು? ಗೂಟ ಅಲ್ಲೇ ಇದೆ, ಹಸು ಪಕ್ಕದ ಹೊಲಕ್ಕೆ ಹೋಗಿದೆ.

ಇಲ್ಲಿ ಯಾರೂ ಲಂಚ ಕೊಟ್ಟಿದ್ದು ನನಗೆ ಕಾಣಲಿಲ್ಲ. ಯಾರೂ ಯಾರನ್ನೂ ಹೆದರಿಸಲಿಲ್ಲ. ಕೋರ್ಟಿಗೆ ಹೋಗೋದು ಯಾರಿಗಾದರೂ ಇರೋ ಹಕ್ಕು. ಎಲ್ಲ ಸರಿಯಾಗಿಯೇ ನಡೆದಿದೆ. ಆದರೂ ಒಂದು ರಾಜ್ಯ ಸರ್ಕಾರಕ್ಕೆ ಆಟೋ ದರ ಅನ್ನೋ ಸಣ್ಣ ವಿಷಯವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಆಗಲಿಲ್ಲ. ಯಾಕೆ?

ಚಿಕ್ಕಪ್ಪನ ಇಕ್ಕಳ

ಈ ಪ್ರಶ್ನೆಗೆ ನನಗೆ ಸ್ವಲ್ಪವಾದರೂ ಬೆಳಕು ಸಿಕ್ಕಿದ್ದು ನನ್ನ ಚಿಕ್ಕಪ್ಪನಿಂದ. ಅವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಆ ಹೆಸರು ಯಾರಿಗೂ ಬಾಯಿಗೆ ಬರೋದಿಲ್ಲ. ಅಂಗಡಿಯವರೆಲ್ಲ ತೂಕ ಅಳತೆ ಇಲಾಖೆ ಅಂತಾರೆ. ಕಿರಾಣಿ ಅಂಗಡಿಯ ತಕ್ಕಡಿ, ಬಟ್ಟೆ ಅಂಗಡಿಯ ಮೀಟರ್ ಕೋಲು, ಪೆಟ್ರೋಲ್ ಬಂಕಿನ ಪಂಪು, ಆಟೋದ ಮೀಟರು, ಇವೆಲ್ಲಕ್ಕೂ ಸರ್ಕಾರದ ಮುದ್ರೆ ಹಾಕೋ ಇಲಾಖೆ ಅದು.

ಆಟೋ ದರ ಏರಿದಾಗಲೆಲ್ಲ ಅವರಿಗೆ ತಿಂಗಳುಗಟ್ಟಲೆ ಕೆಲಸ. ಊರಿನ ಎಲ್ಲ ಆಟೋಗಳ ಮೀಟರನ್ನೂ ಹೊಸ ದರಕ್ಕೆ ತಿರುಗಿಸಿ, ಪರೀಕ್ಷೆ ಮಾಡಿ, ಸೀಲ್ ಹಾಕಬೇಕಿತ್ತು. ನನಗೆ ಹತ್ತು ವರ್ಷ ಇರಬಹುದು, ಬೇಸಿಗೆ ರಜದಲ್ಲಿ ಅವರ ಮನೆಗೆ ಹೋಗಿದ್ದೆ. ಒಂದು ದಿನ ಸುಮ್ನೆ ಅವರ ಜೊತೆ ಹೊರಟೆ. ದೊಡ್ಡ ಮೈದಾನ, ಬೆಳಗ್ಗೆ ಎಂಟಕ್ಕೇ ಆಟೋಗಳ ಸಾಲು. ಮೆಕ್ಯಾನಿಕ್ ಮೀಟರ್ ಬಿಚ್ಚಿ ಹಲ್ಲಿನ ಚಕ್ರ ಬದಲಾಯಿಸಿಕೊಂಡು ಬಂದಿರುತ್ತಿದ್ದ. ಚಿಕ್ಕಪ್ಪ ಅದು ಎಷ್ಟು ದೂರಕ್ಕೆ ಎಷ್ಟು ತೋರಿಸುತ್ತೆ ಅಂತ ನೋಡುತ್ತಿದ್ದರು. ಒಂದಿಷ್ಟು ಹೆಚ್ಚು ಕಮ್ಮಿ ಇದ್ದರೂ ವಾಪಸ್. ಸರಿ ಇದ್ದರೆ ಮೀಟರಿನ ಮುಚ್ಚಳದ ತೂತಿನಲ್ಲಿ ಸಣ್ಣ ತಂತಿ ತೂರಿಸಿ, ಅದರ ಎರಡು ತುದಿಯನ್ನು ಕಡಲೆಕಾಳಿನಷ್ಟು ದೊಡ್ಡ ಸೀಸದ ಗುಂಡಿಗೆ ಪೋಣಿಸಿ, ಇಕ್ಕಳದಿಂದ ಒತ್ತುತ್ತಿದ್ದರು. ಕಚಕ್ ಅಂತ ಸದ್ದು. ಸೀಸ ಚಪ್ಪಟೆಯಾಗಿ ಅದರ ಮೇಲೆ ಅವರ ನಂಬರು, ವರ್ಷ, ಮತ್ತೆ ಒಂದು ಅಕ್ಷರ ಮೂಡುತ್ತಿತ್ತು. ಜನವರಿಯಿಂದ ಮಾರ್ಚ್ ಆದರೆ ಎ, ಏಪ್ರಿಲ್‌ನಿಂದ ಜೂನ್ ಆದರೆ ಬಿ, ಹೀಗೆ ಮೂರು ಮೂರು ತಿಂಗಳಿಗೆ ಒಂದು ಅಕ್ಷರ. ಆಮೇಲೆ ಆ ತಂತಿ ಕಿತ್ತರೆ ಮಾತ್ರ ಮೀಟರ್ ಬಿಚ್ಚೋಕೆ ಆಗೋದು. ಕಿತ್ತರೆ ಗೊತ್ತಾಗುತ್ತೆ.

ಮಧ್ಯಾಹ್ನ ನನಗೂ ಒಂದು ಸಲ ಇಕ್ಕಳ ಕೊಟ್ಟರು. ನನ್ನ ಎರಡು ಕೈಯಲ್ಲೂ ಒತ್ತೋಕೆ ಆಗಲಿಲ್ಲ. ಚಿಕ್ಕಪ್ಪ ನನ್ನ ಕೈ ಮೇಲೆ ಕೈ ಇಟ್ಟು ಒತ್ತಿದರು. ಅದು ಬರೀ ಖಾಲಿ ಗುಂಡು, ಯಾವ ಮೀಟರಿಗೂ ಹಾಕಿದ್ದಲ್ಲ. ಅದನ್ನು ನಾನು ಎಷ್ಟೋ ವರ್ಷ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ.

ಆ ಕಾಲ ಚಿನ್ನದಂಥ ಕಾಲ ಅಂತ ಹೇಳೋಕೆ ನಾನು ಹೊರಟಿಲ್ಲ. ಸೀಲ್ ಇದ್ದೂ ಮೀಟರ್ ಓಡಿಸೋ ಕಳ್ಳ ದಾರಿ ಇತ್ತು. ಮೀಟರ್ ಮೇಲೆ ಇಪ್ಪತ್ತು ಕೊಡಿ, ರಾತ್ರಿ ಆಯ್ತು ಒಂದೂವರೆ ಕೊಡಿ, ಆ ಕಡೆ ಬರಲ್ಲ ಹೋಗಿ, ಇದನ್ನೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಹೆಣ್ಣುಮಕ್ಕಳು ರಾತ್ರಿ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ನಿಂತು ಆಟೋದವರನ್ನು ಬೇಡಿಕೊಂಡಿದ್ದು ಮರೆಯೋ ಹಾಗಿಲ್ಲ. ಆ್ಯಪ್ ಬಂದಾಗ ನಾವೆಲ್ಲ ಅದನ್ನು ಅಪ್ಪಿಕೊಂಡಿದ್ದು ಅದಕ್ಕೇ. ಆ ಪ್ರೀತಿ ಸುಳ್ಳಲ್ಲ. ಸರ್ಕಾರದ ಸೀಲು ಕೆಲಸ ಮಾಡದೇ ಇದ್ದ ಕಡೆ ಕಂಪನಿ ಬಂದು ನಿಂತಿತು.

ಆದರೆ ಚಿಕ್ಕಪ್ಪನ ಕೆಲಸದಲ್ಲಿ ಒಂದು ವಿಷಯ ಇತ್ತು. ಸರ್ಕಾರ ಮೀಟರಿನ ಒಳಗೆ ಕಣ್ಣು ಹಾಕುತ್ತಿತ್ತು. ಬಿಚ್ಚಿ ನೋಡುತ್ತಿತ್ತು. ಅದೂ ಗಾಡಿ ರಸ್ತೆಗೆ ಇಳಿಯೋ ಮುಂಚೆ. 2022ರ ಆ ಗಲಾಟೆ ನಡೆದಾಗ ಅವರಿಗೆ ಫೋನ್ ಮಾಡಿ ಕೇಳಿದ್ದೆ, ಇದಕ್ಕೆ ನಿಮ್ಮ ಇಲಾಖೆ ಏನೂ ಮಾಡೋಕಾಗಲ್ವಾ ಅಂತ. ಅವರು ರಿಟೈರ್ ಆಗಿ ಎಷ್ಟೋ ವರ್ಷ ಆಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಡ್ತಿರೋ ಗಾಡಿಗೆ ಸೀಲ್ ಹಾಕೋಕಾಗಲ್ಲ ಕಣಮ್ಮಾ. ನಿಲ್ಲಿಸಿ ಹಾಕಬೇಕು. ಇವರು ನಿಲ್ಲೋದೇ ಇಲ್ವಲ್ಲ" ಅಂದರು.

ನಿಲ್ಲಿಸಿದರೆ ಯಾರಿಗೆ ನೋವು

ನಿಲ್ಲೋದಿಲ್ಲ ಅನ್ನೋದಕ್ಕಿಂತ, ನಿಲ್ಲಿಸಿದರೆ ನಮಗೇ ನೋವಾಗುತ್ತೆ ಅನ್ನೋದು ಸರಿ. ಇದನ್ನು ನೋಡೋಕೆ ಆಟೋಗಿಂತ ದೊಡ್ಡ ಉದಾಹರಣೆ ನಮ್ಮ ಜೇಬಿನಲ್ಲೇ ಇದೆ.

ಯುಪಿಐ ನಮ್ಮದು. 2016ರಲ್ಲಿ ಶುರುವಾಗಿದ್ದು. ನಡೆಸುತ್ತಿರೋದು ಎನ್‌ಪಿಸಿಐ, ಅಂದರೆ ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕುಗಳ ಸಂಘ ಸೇರಿ ಕಟ್ಟಿದ ಸಂಸ್ಥೆ. ಈ ದೇಶ ಕಟ್ಟಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ಹೆಮ್ಮೆಯಿಂದಲೇ ಹೇಳುತ್ತೀನಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ಸಲ ಜನ ಅದರಲ್ಲಿ ದುಡ್ಡು ಕಳಿಸಿದ್ದಾರೆ. ಆದರೆ ರಸ್ತೆ ಸರ್ಕಾರದ್ದಾದರೂ ಅದರ ಮೇಲೆ ಓಡೋ ಬಸ್ಸುಗಳು ಬಹುಪಾಲು ಇಬ್ಬರವು. ಒಂದು ಫೋನ್‌ಪೇ, ಬೆಂಗಳೂರಿನ ಕಂಪನಿ, ಬಂಡವಾಳದಲ್ಲಿ ಬಹುಪಾಲು ಅಮೆರಿಕದ ವಾಲ್‌ಮಾರ್ಟ್‌ನದು. ಇನ್ನೊಂದು ಗೂಗಲ್ ಪೇ. 2024ರ ಕೊನೆಗೆ ಒಟ್ಟು ವಹಿವಾಟಿನಲ್ಲಿ ಇವೆರಡೇ ಸೇರಿ 80%ಗಿಂತ ಜಾಸ್ತಿ.

ಇಬ್ಬರ ಕೈಯಲ್ಲೇ ಇಷ್ಟೊಂದು ಇರೋದು ಅಪಾಯ ಅಂತ ಎನ್‌ಪಿಸಿಐಗೆ ಮುಂಚೆಯೇ ಅನಿಸಿತ್ತು. 2020ರ ನವೆಂಬರ್‌ನಲ್ಲಿ ಒಂದು ನಿಯಮ ತಂದಿತು. ಯಾವ ಆ್ಯಪ್ ಕೂಡ ಒಟ್ಟು ವಹಿವಾಟಿನ 30% ದಾಟಬಾರದು. ಹೊಸಬರಿಗೆ 2021ರ ಜನವರಿಯಿಂದಲೇ ಜಾರಿ. ಆಗಲೇ ದೊಡ್ಡದಾಗಿದ್ದವರಿಗೆ ಎರಡು ವರ್ಷ ಸಮಯ, ಅಂದರೆ 2022ರ ಡಿಸೆಂಬರ್ ತನಕ. ಮಿತಿ ದಾಟಿದವರು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳೋದು ನಿಲ್ಲಿಸಬೇಕು. ಒಳ್ಳೆಯ ನಿಯಮ, ಸ್ಪಷ್ಟ ನಿಯಮ. 2022ರ ಡಿಸೆಂಬರ್ ಬಂತು. ಗಡುವು 2024ರ ಡಿಸೆಂಬರಿಗೆ ಹೋಯಿತು. 2024ರ ಡಿಸೆಂಬರ್ 31 ಬಂತು. ಆವತ್ತೇ ಗಡುವು 2026ರ ಡಿಸೆಂಬರಿಗೆ ಹೋಯಿತು.

ನಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ನಿಂತುಕೊಂಡು ನಾನು ಇದನ್ನು ಯೋಚಿಸಿದ್ದೀನಿ. ಅಂಗಡಿಯಾಕೆಗೆ ಓದು ಬರೋದಿಲ್ಲ. ಅವಳಿಗೆ ದುಡ್ಡು ಬಂತು ಅಂತ ಗೊತ್ತಾಗೋದು ಪಕ್ಕದಲ್ಲಿ ಇಟ್ಟಿರೋ ಪುಟ್ಟ ಪೆಟ್ಟಿಗೆ ಕನ್ನಡದಲ್ಲಿ ಕೂಗಿದಾಗ. ಟೊಮೆಟೊ ತೂಗುತ್ತಲೇ ಕಿವಿ ಆ ಕಡೆ ಇಟ್ಟಿರುತ್ತಾಳೆ. ನಾಳೆಯಿಂದ ಈ ಆ್ಯಪಿಗೆ ಮಿತಿ, ಬೇರೆ ತಗೋ ಅಂದರೆ ಅವಳು ಯಾರನ್ನು ಬೈಯುತ್ತಾಳೆ? ಕಂಪನಿಯನ್ನಂತೂ ಅಲ್ಲ. ಗಡುವು ಮುಂದೆ ಹಾಕಿದ ಅಧಿಕಾರಿಯನ್ನು ನಾನು ಹೇಡಿ ಅಂತ ಕರೆಯೋಕೆ ಆಗೋದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೈ ನಡುಗುತ್ತಿತ್ತು. ಹಿಂದೆ ದೊಡ್ಡವರ ಬೆಂಬಲಕ್ಕೆ ಕಾವಲುಗಾರರು, ವಕೀಲರು ಇರುತ್ತಿದ್ದರು. ಈಗ ಅವರನ್ನು ಕಾಯೋ ಗೋಡೆಯ ಇಟ್ಟಿಗೆ ನಾವೇ. ನಾನು, ಅಮ್ಮ, ತರಕಾರಿಯಾಕೆ, ಬಾಡಿಗೆ ಕಟ್ಟೋ ಹುಡುಗರು. ಸರ್ಕಾರ ಕೈ ಎತ್ತಿದರೆ ಏಟು ಬೀಳೋದು ಮೊದಲು ನಮಗೆ.

ಆಸ್ಟ್ರೇಲಿಯಾದಲ್ಲಿ 2021ರ ಫೆಬ್ರವರಿಯಲ್ಲಿ ಇದೇ ಬೇರೆ ರೂಪದಲ್ಲಿ ಆಯಿತು. ಪತ್ರಿಕೆಗಳ ಸುದ್ದಿ ಬಳಸಿಕೊಂಡರೆ ಅವರಿಗೆ ದುಡ್ಡು ಕೊಡಬೇಕು ಅಂತ ಅಲ್ಲಿನ ಸರ್ಕಾರ ಕಾನೂನು ತರೋಕೆ ಹೊರಟಿತ್ತು. 18ರಂದು ಜನ ಎದ್ದು ನೋಡಿದರೆ ಫೇಸ್‌ಬುಕ್‌ನಲ್ಲಿ ಸುದ್ದಿಯೇ ಇಲ್ಲ. ಸುದ್ದಿ ಮಾತ್ರ ಅಲ್ಲ, ಆರೋಗ್ಯ ಇಲಾಖೆಯ ಪುಟ, ಹವಾಮಾನ ಇಲಾಖೆಯ ಪುಟ, ಬೆಂಕಿ ಆರಿಸುವವರ ಪುಟ ಎಲ್ಲ ಖಾಲಿ. ಕೋವಿಡ್ ಲಸಿಕೆ ಶುರುವಾಗೋ ಹೊತ್ತು ಅದು. ಸರ್ಕಾರಿ ಪುಟಗಳು ಬೇಗ ವಾಪಸ್ ಬಂದವು. ಐದು ದಿನಕ್ಕೆ ಸರ್ಕಾರ ಕಾನೂನಿಗೆ ತಿದ್ದುಪಡಿ ಮಾಡೋಕೆ ಒಪ್ಪಿತು, ಆಮೇಲೆ ಸುದ್ದಿಯೂ ವಾಪಸ್ ಬಂತು. ಕಾನೂನೂ ಬಂತು, ಪತ್ರಿಕೆಗಳಿಗೆ ದುಡ್ಡೂ ಸಿಕ್ಕಿತು, ಹಾಗಾಗಿ ಸರ್ಕಾರ ಪೂರ್ತಿ ಸೋತಿತು ಅನ್ನೋ ಹಾಗಿಲ್ಲ. ನನ್ನನ್ನು ಕಾಡೋದು ಹವಾಮಾನ ಇಲಾಖೆ. ಮಳೆ ಬರುತ್ತೋ ಇಲ್ಲವೋ ಅಂತ ಪ್ರಜೆಗೆ ಹೇಳೋಕೆ ಒಂದು ಸರ್ಕಾರ ಬೇರೆಯವರ ಜಗಲಿ ಮೇಲೆ ಕೂತಿತ್ತು. ಜಗಲಿಯವರು ಬಾಗಿಲು ಹಾಕಿಕೊಂಡರು.

ಅಂದಹಾಗೆ, ಬಿಟ್ಟು ಹೋಗುತ್ತೀವಿ ಅನ್ನೋ ಶಕ್ತಿ ಬೇರೆ. ಅದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಅಂತ ಸಂಪುಟ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮದವರು ಸಿಟ್ಟಾದ ಮೇಲೆ ಎರಡೇ ದಿನಕ್ಕೆ ತಡೆ ಹಿಡಿದಿದ್ದು, ಆಂಧ್ರದ ಮಂತ್ರಿ ನಾರಾ ಲೋಕೇಶ್ ಕಂಪನಿಗಳನ್ನು ವಿಶಾಖಪಟ್ಟಣಕ್ಕೆ ಕರೆದಿದ್ದು ಎಲ್ಲರಿಗೂ ನೆನಪಿದೆ. ಆ ಮಸೂದೆಯಲ್ಲಿ ತೊಡಕುಗಳಿದ್ದವು, ನನಗೂ ಪೂರ್ತಿ ಒಪ್ಪಿಗೆ ಇರಲಿಲ್ಲ. ಆದರೆ ಕನ್ನಡದ ಹುಡುಗರಿಗೆ ಕೆಲಸ ಅನ್ನೋ ಮಾತು ವಿಧಾನಸಭೆಯಲ್ಲಿ ಒಂದು ದಿನ ಚರ್ಚೆಯಾಗೋಕೂ ಬಿಡದ ಹಾಗೆ ಆಗಿದ್ದು ನೋವು ಕೊಟ್ಟಿತು. ಅದೇ ವರ್ಷ ಐಟಿ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ಕೆಲಸಗಾರರ ಸೇವಾ ನಿಯಮಗಳನ್ನು ಬರೆದಿಡಬೇಕು ಅನ್ನೋ ಕಾಯ್ದೆಯಿಂದ, ಇನ್ನೂ ಐದು ವರ್ಷ ವಿನಾಯಿತಿಯೂ ಸಿಕ್ಕಿತು. ಹೋಗುತ್ತೀವಿ ಅನ್ನೋರನ್ನು ಉಳಿಸಿಕೊಳ್ಳೋದು ಹಳೇ ಕಾರ್ಖಾನೆಗಳ ಕಾಲದಿಂದಲೂ ಇರೋ ಆಟ. ಹೊಸದು ಯಾವುದು ಅಂದರೆ, ಎಲ್ಲೂ ಹೋಗದೆ ನಮ್ಮ ಕೈಯೊಳಗೇ ಇದ್ದುಕೊಂಡು ಬಲ ತೋರಿಸೋದು.

ರಸ್ತೆಗೆ ಇಳಿಯೋ ಮುಂಚೆ

ಸರ್ಕಾರ ಗಟ್ಟಿಯಾಗಿ ಆಗಲ್ಲ ಅಂದಿದ್ದೂ ಇದೆ. ಅದನ್ನು ನಾವು ಮರೆತೇಬಿಟ್ಟಿದ್ದೀವಿ ಅನಿಸುತ್ತೆ.

2015ರಲ್ಲಿ ಫೇಸ್‌ಬುಕ್ ಫ್ರೀ ಬೇಸಿಕ್ಸ್ ಅಂತ ತಂದಿತು. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ ಇದ್ದವರಿಗೆ ಕೆಲವು ವೆಬ್‌ಸೈಟುಗಳು ಪುಕ್ಕಟೆ, ಡೇಟಾ ಖರ್ಚಿಲ್ಲ. ಯಾವ ವೆಬ್‌ಸೈಟು ಅದರೊಳಗೆ ಇರಬೇಕು ಅನ್ನೋದಕ್ಕೆ ಬಾಗಿಲು ಕಾಯೋರು ಮಾತ್ರ ಫೇಸ್‌ಬುಕ್‌ನವರು. ಟ್ರಾಯ್, ಅಂದರೆ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಈ ಥರದ ಯೋಜನೆ ಬೇಕೋ ಬೇಡವೋ ಅಂತ ಜನರ ಅಭಿಪ್ರಾಯ ಕೇಳಿತು. ಆಗಿನ ಪೇಪರ್ ನೆನಪಿದೆಯಾ? ಪುಟ ತುಂಬಾ ಜಾಹೀರಾತು. ಬಡವರಿಗೆ ಇಂಟರ್ನೆಟ್ ಬೇಕಾದರೆ ಮಿಸ್ಡ್ ಕಾಲ್ ಕೊಡಿ. ಫೇಸ್‌ಬುಕ್ ತೆರೆದರೆ ಅಲ್ಲೇ ಒಂದು ಗುಂಡಿ, ಒತ್ತಿದರೆ ನಿಮ್ಮ ಹೆಸರಿನಲ್ಲಿ ಟ್ರಾಯ್‌ಗೆ ಬರೆದಿಟ್ಟ ಪತ್ರ ಹೋಗುತ್ತಿತ್ತು. ಲಕ್ಷಾಂತರ ಜನ ಒತ್ತಿದರು. ಆ ಪತ್ರಗಳಲ್ಲಿ ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಇಲ್ಲ ಅಂತ ಟ್ರಾಯ್ ಹೇಳಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಐಐಟಿಗಳ ಪ್ರಾಧ್ಯಾಪಕರು ಸೇರಿ ಇದು ಬೇಡ ಅಂತ ಹೇಳಿಕೆ ಕೊಟ್ಟರು. ಬೆಂಗಳೂರಿನ ಎಷ್ಟೋ ಎಂಜಿನಿಯರ್ ಹುಡುಗರು ಕೆಲಸ ಮುಗಿಸಿ ರಾತ್ರಿ ಕೂತು ಟ್ರಾಯ್‌ಗೆ ತಾವೇ ಉತ್ತರ ಬರೆದರು. 2016ರ ಫೆಬ್ರವರಿ 8ರಂದು ಟ್ರಾಯ್ ತೀರ್ಪು ಕೊಟ್ಟಿತು. ಯಾವ ವೆಬ್‌ಸೈಟ್ ಅನ್ನೋದರ ಮೇಲೆ ಡೇಟಾಗೆ ಬೇರೆ ಬೇರೆ ದರ ಹಾಕೋ ಹಾಗಿಲ್ಲ. ಹಾಕಿದರೆ ದಿನಕ್ಕೆ 50,000 ರೂಪಾಯಿ ದಂಡ, 50 ಲಕ್ಷದ ತನಕ. ಅಷ್ಟೇ, ಮುಗಿಯಿತು. ಜಗತ್ತಿನ ಅಷ್ಟು ದೊಡ್ಡ ಕಂಪನಿ ಗಂಟುಮೂಟೆ ಕಟ್ಟಿತು.

ಆಗ ಸಾಧ್ಯವಾಗಿದ್ದು ಈಗ ಯಾಕೆ ಆಗೋದಿಲ್ಲ? ಟ್ರಾಯ್‌ನ ಆಗಿನ ಅಧ್ಯಕ್ಷರು ಆರ್.ಎಸ್. ಶರ್ಮಾ ಗಟ್ಟಿಗರು, ಅದು ನಿಜ. ಜನರ ಕೂಗೂ ಇತ್ತು. ಆದರೆ ಇನ್ನೊಂದು ಕಾರಣ ನನಗೆ ಚಿಕ್ಕಪ್ಪನ ಮಾತಿನಿಂದ ಹೊಳೆಯಿತು. ಆಗ ಗಾಡಿ ಇನ್ನೂ ಷೆಡ್ಡಿನಲ್ಲಿತ್ತು. ಯಾವ ತರಕಾರಿಯಾಕೆಯ ದಿನದ ಅನ್ನವೂ ಫ್ರೀ ಬೇಸಿಕ್ಸ್ ಮೇಲೆ ನಿಂತಿರಲಿಲ್ಲ. ಯಾರ ಅಮ್ಮನೂ ಅದನ್ನು ನಂಬಿಕೊಂಡು ಆಸ್ಪತ್ರೆಗೆ ಹೊರಟಿರಲಿಲ್ಲ. ಬೇಡ ಅಂದಾಗ ಯಾರಿಗೂ ನೋವಾಗಲಿಲ್ಲ. ಎರಡು ವರ್ಷ ತಡ ಮಾಡಿದ್ದರೆ, ಹಳ್ಳಿ ಹಳ್ಳಿಯ ಹುಡುಗರು ಅದರಲ್ಲೇ ಪಾಠ ಓದೋಕೆ ಶುರು ಮಾಡಿದ್ದರೆ, ಅದೇ ಟ್ರಾಯ್ ಅದೇ ಮಾತು ಹೇಳೋಕೆ ಆಗುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಆಗ ಮಿಸ್ಡ್ ಕಾಲ್ ಕೊಡಿಸೋಕೆ ಜಾಹೀರಾತು ಬೇಕಾಗುತ್ತಿರಲಿಲ್ಲ.

ಮುಚ್ಚಳದ ಒಳಗೆ

2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ, ಊಬರ್ ಎರಡಕ್ಕೂ ನೋಟಿಸ್ ಕೊಟ್ಟಿತು. ಒಂದೇ ಜಾಗದಿಂದ ಒಂದೇ ಜಾಗಕ್ಕೆ ಹೋಗೋಕೆ ಐಫೋನಿನಲ್ಲಿ ಒಂದು ದರ, ಆಂಡ್ರಾಯ್ಡ್‌ನಲ್ಲಿ ಇನ್ನೊಂದು ದರ ತೋರಿಸುತ್ತೆ ಅಂತ ಜನ ದೂರಿದ್ದರು. ಆಗ ಗ್ರಾಹಕ ವ್ಯವಹಾರಗಳ ಸಚಿವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಕಂಪನಿಗಳು ನಾವು ಹಾಗೆ ಮಾಡೋದಿಲ್ಲ ಅಂದವು. ಮೇ ತಿಂಗಳಲ್ಲಿ ಇನ್ನೊಂದು ನೋಟಿಸ್ ಹೋಯಿತು. ಆಟೋ ಬೇಗ ಬರಬೇಕಾದರೆ ಮುಂಚೆಯೇ ಟಿಪ್ ಕೊಡಿ ಅಂತ ಕೇಳೋದು ಯಾವ ನ್ಯಾಯ ಅಂತ ಊಬರ್‌ಗೆ.

ಈ ನೋಟಿಸ್‌ಗಳು ಹೋಗಿದ್ದು ನನಗೆ ಸಂತೋಷವೇ. ಆದರೆ ಗಮನಿಸಿ, ಸರ್ಕಾರ ಇಲ್ಲಿ ಪ್ರಶ್ನೆ ಕೇಳುತ್ತಿದೆ. ದರ ಹೇಗೆ ಕಟ್ಟುತ್ತೀರಿ ಅಂತ ಕಂಪನಿಯನ್ನೇ ಕೇಳಿ, ಕಂಪನಿ ಹೇಳಿದ ಉತ್ತರ ಇಟ್ಟುಕೊಂಡು ಯೋಚನೆ ಮಾಡುತ್ತಿದೆ. ಚಿಕ್ಕಪ್ಪ ಯಾವತ್ತೂ ಆಟೋದವನನ್ನು, ನಿನ್ನ ಮೀಟರ್ ಸರಿ ಇದೆಯೇನಪ್ಪಾ ಅಂತ ಕೇಳಿ ಸೀಲ್ ಒತ್ತಿದವರಲ್ಲ. ಆಟೋದವನು ಬಡವ, ಅವನ ಮೀಟರನ್ನು ವರ್ಷ ವರ್ಷ ಬಿಚ್ಚಿ ನೋಡುತ್ತಿದ್ದೆವು. ಈಗ ದರ ಕಟ್ಟೋ ಮೀಟರ್ ದೊಡ್ಡವರ ಮನೆಯಲ್ಲಿದೆ, ಅದನ್ನು ಬಿಚ್ಚೋಕೆ ನಮ್ಮ ಹತ್ತಿರ ಇಕ್ಕಳ ಇಲ್ಲ. ಆದೇಶ ಹೊರಡಿಸೋ ಶಕ್ತಿ ಸರ್ಕಾರದ ಹತ್ತಿರ ಈಗಲೂ ಇದೆ. ಅಳತೆ ಮಾಡೋ ಶಕ್ತಿ ಹೋಗಿದೆ. ಎಷ್ಟು ಆಟೋ, ಎಷ್ಟು ದರ, ಯಾವ ಬೀದಿಗೆ ಯಾವಾಗ ಎಷ್ಟು, ಯಾವ ಚಾಲಕನಿಗೆ ಬಾಡಿಗೆ ಸಿಗಲಿಲ್ಲ, ಯಾಕೆ ಸಿಗಲಿಲ್ಲ, ಇದೆಲ್ಲ ಕಂಪನಿಗೆ ಗೊತ್ತು. ಸರ್ಕಾರಕ್ಕೆ ಗೊತ್ತಾಗೋದು ಕಂಪನಿ ಹೇಳಿದಷ್ಟು.

ಅದಕ್ಕೇ 2025ರಲ್ಲಿ ನಮ್ಮ ರಾಜ್ಯ ತಂದ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡೋರ, ಕಾಯ್ದೆ ನನಗೆ ಮುಖ್ಯ ಅನಿಸಿತು. ಎಲ್ಲರೂ ಮಾತಾಡಿದ್ದು ಅದರ ಕಲ್ಯಾಣ ಶುಲ್ಕದ ಬಗ್ಗೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡೋ ದುಡ್ಡಿನ ಮೇಲೆ 1%ನಿಂದ 5% ತನಕ ಕಂಪನಿ ಕಟ್ಟಬೇಕು ಅಂತ. ಒಳ್ಳೆಯದೇ. ಆದರೆ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಕೆಲಸ ಯಾರಿಗೆ ಕೊಡಬೇಕು, ದುಡ್ಡು ಎಷ್ಟು ಅಂತ ಕಂಪ್ಯೂಟರ್ ಹೇಗೆ ತೀರ್ಮಾನ ಮಾಡುತ್ತೆ ಅಂತ ಕೇಳಿ ತಿಳಿದುಕೊಳ್ಳೋ ಹಕ್ಕು ಕಾರ್ಮಿಕರಿಗಿದೆ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು 14 ದಿನ ಮುಂಚೆ ನೋಟಿಸ್ ಕೊಡಬೇಕು. ಬೆಳಗ್ಗೆ ಎದ್ದು ಆ್ಯಪ್ ತೆರೆದರೆ ಐಡಿ ಬಂದ್ ಆಗಿರೋದು, ಯಾರನ್ನು ಕೇಳಬೇಕೋ ಗೊತ್ತಾಗದೆ ಫುಟ್‌ಪಾತಿನಲ್ಲಿ ಕೂತಿರೋ ಹುಡುಗರನ್ನು ನಾನು ನೋಡಿದ್ದೀನಿ. ಮೀಟರಿನ ಮುಚ್ಚಳವನ್ನು ಒಂದು ಬೆರಳಿನಷ್ಟಾದರೂ ಎತ್ತಿ ನೋಡೋಕೆ ಹೊರಟ ಕಾನೂನು ಇದು. ಇದನ್ನು ಬರೆದವರು ಯಾರೋ, ಅವರಿಗೆ ಒಳ್ಳೆಯದಾಗಲಿ. ಇನ್ನು ಅದನ್ನು ಬಳಸೋ ಇನ್‌ಸ್ಪೆಕ್ಟರ್‌ಗಳು ಬೇಕು. ಲೆಕ್ಕ ಬರೋರು, ಕೋಡ್ ಓದೋಕೆ ಬರೋರು, ವರ್ಗ ಮಾಡುತ್ತೀವಿ ಅಂದರೆ ಹೆದರದೇ ಇರೋರು. ಬೆಂಗಳೂರಿನಲ್ಲಿ ಕೋಡ್ ಓದೋಕೆ ಬರೋರಿಗೇನು ಬರ?

ಚಿಕ್ಕಪ್ಪ 2025ರ ದೀಪಾವಳಿ ಮುಗಿಸಿಕೊಂಡು ಬೆಂಗಳೂರಿಗೆ ಬಂದಿದ್ದರು. ಆ ವರ್ಷದ ಆಗಸ್ಟ್ 1ರಿಂದ ಆಟೋ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಆಗಿತ್ತು. ಗಾಂಧಿ ಬಜಾರಿಗೆ ಹೋಗೋಣ ಅಂತ ಆ್ಯಪಿನಲ್ಲಿ ಆಟೋ ಕರೆದೆ. ಒಳಗೆ ಕೂತ ತಕ್ಷಣ ಅವರ ಕಣ್ಣು ಹೋಗಿದ್ದು ಮೀಟರಿನ ಕಡೆ. ಅದರ ಮೇಲೆ ಒಂದು ಕೆಂಪು ವಸ್ತ್ರ ಹೊದಿಸಿತ್ತು, ಆಯುಧಪೂಜೆಯ ಹೂವಿನ ಹಾರ ಒಣಗಿ ಅಂಟಿಕೊಂಡಿತ್ತು. ಹ್ಯಾಂಡಲ್ ಪಕ್ಕದಲ್ಲಿ ಎರಡು ಫೋನು, ಎರಡರಲ್ಲೂ ನಕ್ಷೆ.

"ಮೀಟರ್ ಕೆಲಸ ಮಾಡುತ್ತೇನಪ್ಪಾ?" ಅಂದರು.

"ಮಾಡುತ್ತೆ ಯಜಮಾನ್ರೇ. ಆ್ಯಪ್ ಬಂದ್ಮೇಲೆ ಅದನ್ನ ಯಾರ್ ನೋಡ್ತಾರೆ?"

ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್‌ನಲ್ಲಿ ಆಟೋ ನಿಂತಿತು. ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ಮುಂದಕ್ಕೆ ಬಗ್ಗಿದರು. ವಸ್ತ್ರ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೀಟರಿನ ಹಿಂದೆ ಬೆರಳು ಹಾಕಿ ತಡಕಿದರು. "ತಂತಿ ಇದೆ" ಅಂದರು. ಸಂಜೆ ಕತ್ತಲಾಗಿತ್ತು, ಗುಂಡಿನ ಮೇಲೆ ಏನಿದೆ ಅಂತ ಕಾಣಿಸುತ್ತಿರಲಿಲ್ಲ. ಚಾಲಕನಿಗೂ ಏನೋ ಕುತೂಹಲ. ಒಂದು ಫೋನನ್ನು ಹೋಲ್ಡರಿನಿಂದ ಕಿತ್ತು, ಟಾರ್ಚ್ ಹಾಕಿ ಹಿಡಿದ. ಚಿಕ್ಕಪ್ಪ ಸೀಸದ ಮೇಲಿನ ಧೂಳನ್ನು ಹೆಬ್ಬೆರಳಿನಲ್ಲಿ ಒರೆಸಿ, ತುಂಬ ಹತ್ತಿರಕ್ಕೆ ಮುಖ ತಂದು ಓದಿದರು.

"ಬಿ. ಇಪ್ಪತ್ತೆರಡು."

ಅಂದರೆ 2022ರ ಏಪ್ರಿಲ್‌ನಿಂದ ಜೂನ್ ಒಳಗೆ ಯಾರೋ ಒಬ್ಬರು ಇಕ್ಕಳ ಒತ್ತಿದ್ದರು.

"ಅದಾದ್ಮೇಲೆ ಸೀಲ್ ಹಾಕ್ಸೋಕೆ ಹೋಗೇ ಇಲ್ವೇನಪ್ಪಾ?"

"ಇಲ್ಲ ಸರ್" ಅಂದ, ಫೋನನ್ನು ವಾಪಸ್ ಹೋಲ್ಡರಿಗೆ ಸಿಕ್ಕಿಸುತ್ತಾ. "ಯಾರೂ ಕೇಳ್ಲಿಲ್ಲ."